ಹಳೆಯ ಮನೆಗೆ ಹೊಸ ಕೋಣೆ: ಚದರ ಅಡಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಚಿಕ್ಕಮಗಳೂರಿನ ಹಿರೇಮಗಳೂರು ಕಡೆ 30×40 ಅಡಿಯ ನಿವೇಶನದಲ್ಲಿ 1996ರಲ್ಲಿ ಕಟ್ಟಿಸಿದ ನಮ್ಮ ಮನೆ ಇದೆ. ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಮುಂಭಾಗಕ್ಕೆ ತಾರಸಿ, ಹಿಂದಿನ ಅಡುಗೆಮನೆಗೆ ಮಂಗಳೂರು ಹೆಂಚು. ಮುಂದಿನ ಮೇ ತಿಂಗಳಲ್ಲಿ ಮಗನ ಮದುವೆ. ಅಷ್ಟರೊಳಗೆ ತಾರಸಿಯ ಮೇಲೆ 20×15 ಅಡಿಯಲ್ಲಿ ಒಂದು ಕೋಣೆ ಮತ್ತು ಬಚ್ಚಲು ಕಟ್ಟಿಸಿ, ಕೆಳಗೆ ಅಡುಗೆಮನೆಯನ್ನು ಹಿಂದಕ್ಕೆ 12×10 ಅಡಿ ವಿಸ್ತರಿಸಬೇಕೆಂದಿದ್ದೇವೆ. ಮೇಸ್ತ್ರಿಯವರು ಚದರ ಅಡಿಗೆ 2,100 ರೂಪಾಯಿಯಂತೆ ಒಟ್ಟು 8.82 ಲಕ್ಷ ಹೇಳಿದ್ದಾರೆ. ಎಂಜಿನಿಯರ್ ಒಬ್ಬರು 13.40 ಲಕ್ಷದ ಅಂದಾಜುಪಟ್ಟಿ ಕೊಟ್ಟಿದ್ದಾರೆ. ನಮ್ಮ ಕೈಯಲ್ಲಿರುವುದು 10 ಲಕ್ಷ. ಎರಡೂ ಚೀಟಿಗಳನ್ನೂ ಕೈಯಲ್ಲಿ ಬರೆದ ನಕ್ಷೆಯನ್ನೂ ಕಳಿಸಿದ್ದೇನೆ. ಯಾರ ಲೆಕ್ಕವನ್ನು ನಂಬಬೇಕು?

ಉತ್ತರ: ಮಾನ್ಯರೇ, ನೀವು ಕಳಿಸಿದ ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಇಬ್ಬರಲ್ಲಿ ಯಾರೂ ನಿಮಗೆ ಮೋಸ ಮಾಡಲು ಹೊರಟಂತೆ ನನಗೆ ಕಾಣಲಿಲ್ಲ. ಎರಡೂ ಚೀಟಿಗಳು ಒಂದೇ ಕೆಲಸದ ಚೀಟಿಗಳಲ್ಲ, ತೊಡಕು ಇರುವುದು ಅಲ್ಲಿಯೇ. ಮೇಸ್ತ್ರಿಯವರು ಪಾಯ, ಗೋಡೆ, ಮೋಲ್ಡ್ (ಕಾಂಕ್ರೀಟ್ ಚಾವಣಿ), ಪ್ಲಾಸ್ಟರ್, ನೆಲದ ಟೈಲ್ಸ್, ಬಣ್ಣ ಎಂದು ಆರು ಪದ ಬರೆದು, ಎರಡೂ ಭಾಗಗಳ ವಿಸ್ತೀರ್ಣವಾದ 420 ಚದರ ಅಡಿಯನ್ನು 2,100ರಿಂದ ಗುಣಿಸಿದ್ದಾರೆ. ಎಂಜಿನಿಯರ್ ಅವರ ಪಟ್ಟಿಯಲ್ಲಿ ಅವುಗಳ ಜೊತೆಗೆ ಹೊರಗಿನ ಕಬ್ಬಿಣದ ಮೆಟ್ಟಿಲಿಗೆ 85 ಸಾವಿರ, ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ 1.10 ಲಕ್ಷ, ವೈರಿಂಗ್, ಪ್ಲಂಬಿಂಗ್ ಮತ್ತು ಬಚ್ಚಲಿನ ಸಾಮಾನುಗಳಿಗೆ 1.45 ಲಕ್ಷ, ಹಳೆಯದನ್ನು ಕೆಡವಿ ಸಾಗಿಸುವುದಕ್ಕೂ ನೀರಿನ ಟ್ಯಾಂಕ್ ಸ್ಥಳಾಂತರಿಸುವುದಕ್ಕೂ 45 ಸಾವಿರ ಇವೆ. ಇವಿಷ್ಟನ್ನೇ ಕೂಡಿದರೆ 3.85 ಲಕ್ಷವಾಗುತ್ತದೆ. ನಿಮಗೆ 4.58 ಲಕ್ಷದಷ್ಟು ದೊಡ್ಡದಾಗಿ ಕಂಡ ಅಂತರದಲ್ಲಿ ನಿಜವಾದ ಭಿನ್ನಾಭಿಪ್ರಾಯ 73 ಸಾವಿರ ರೂಪಾಯಿಯದು ಮಾತ್ರ. ಮಿಕ್ಕ ಹಣವನ್ನು ನೀವು ಮೇಸ್ತ್ರಿಯವರನ್ನು ಆರಿಸಿಕೊಂಡರೂ ಕೊಡಲೇಬೇಕು. ಅದು ಚೀಟಿಯಲ್ಲಿ ಕಾಣದೆ, ಕೆಲಸದ ನಡುವೆ ಒಂದೊಂದಾಗಿ ಹೊರಗೆ ಬರುತ್ತದೆ.

ಚದರ ಅಡಿಯ ದರ ಎಂಬುದು ಹುಟ್ಟಿದ್ದು ಖಾಲಿ ನಿವೇಶನದಲ್ಲಿ ಪೂರ್ತಿ ಮನೆ ಕಟ್ಟುವವರ ಅನುಕೂಲಕ್ಕೆ. ಅಲ್ಲಿ ಅದು ಸುಮಾರಾಗಿ ಹೊಂದುತ್ತದೆ. ಇರುವ ಮನೆಗೆ ಒಂದು ತುಂಡು ಸೇರಿಸುವಾಗ ಅದು ಏಕೆ ಹೊಂದುವುದಿಲ್ಲ ಎಂಬುದಕ್ಕೆ ನಿಮ್ಮ ನಿವೇಶನದ ಅಳತೆಯನ್ನೇ ತೆಗೆದುಕೊಳ್ಳೋಣ. 30×40 ಅಡಿಯಷ್ಟಗಲ ಒಂದು ಮನೆ ಕಟ್ಟಿದರೆ ವಿಸ್ತೀರ್ಣ 1,200 ಚದರ ಅಡಿ, ಹೊರಗೋಡೆಯ ಸುತ್ತಳತೆ 140 ಅಡಿ. ನಿಮ್ಮ ಮೇಲಿನ ಕೋಣೆಯ ವಿಸ್ತೀರ್ಣ 300 ಚದರ ಅಡಿ, ಸುತ್ತಳತೆ 70 ಅಡಿ. ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯಿತು, ಗೋಡೆ ಮಾತ್ರ ಅರ್ಧಕ್ಕೆ ನಿಂತಿತು. ಅಂದರೆ ಪ್ರತಿ ಚದರ ಅಡಿ ನೆಲಕ್ಕೆ ನೀವು ಇಮ್ಮಡಿ ಹೊರಗೋಡೆ ಕಟ್ಟಿಸುತ್ತಿದ್ದೀರಿ. ಅದರ ಮೇಲೆ ಆ ಮುನ್ನೂರು ಚದರ ಅಡಿಯೊಳಗೆ ಒಂದು ಇಡೀ ಬಚ್ಚಲು ಕೂತಿದೆ, ಮತ್ತು ಒಂದು ಇಡೀ ಮೆಟ್ಟಿಲು ಆ ಒಂದೇ ಕೋಣೆಯ ಲೆಕ್ಕಕ್ಕೆ ಬೀಳುತ್ತದೆ. ದೊಡ್ಡ ಮನೆಯಲ್ಲಿ ಹರಡಿ ಹೋಗುವ ಖರ್ಚುಗಳು ಸಣ್ಣ ಕೆಲಸದಲ್ಲಿ ಒಂದೇ ಕಡೆ ಬಂದು ಕೂರುತ್ತವೆ.

ಆದ್ದರಿಂದ ದರವನ್ನು ಕೇಳುವ ಮೊದಲು ಪ್ರಮಾಣವನ್ನು ತಿಳಿದುಕೊಳ್ಳಿ ಎಂಬುದು ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ಎಷ್ಟು ಕಾಂಕ್ರೀಟ್, ಎಷ್ಟು ಬ್ಲಾಕ್, ಎಷ್ಟು ಚದರ ಅಡಿ ಪ್ಲಾಸ್ಟರ್ ಎಂಬುದನ್ನು ಟೇಪು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೇಸ್ತ್ರಿ ಬದಲಾದರೂ, ಸಿಮೆಂಟಿನ ಬೆಲೆ ಏರಿದರೂ ಅದು ಬದಲಾಗುವುದಿಲ್ಲ. ನಿಮ್ಮ ನಕ್ಷೆಯಿಂದ ಮೇಲಿನ ಕೋಣೆಯ ಲೆಕ್ಕವನ್ನು ನಾನೇ ಮಾಡಿ ತೋರಿಸುತ್ತೇನೆ.

ಮೊದಲು ಮೋಲ್ಡ್. ಕೋಣೆಯ 300 ಚದರ ಅಡಿಗೆ, ಇರಚಲು ಹೊಡೆಯುವ ಪಡುವಣ ಮತ್ತು ತೆಂಕಣ ಬದಿಯ ಚಾಚನ್ನು ಸೇರಿಸಿದರೆ 340 ಚದರ ಅಡಿ ಎಂದಿಟ್ಟುಕೊಳ್ಳಿ. ಐದು ಇಂಚು ದಪ್ಪಕ್ಕೆ ಅದು ಸುಮಾರು 142 ಘನ ಅಡಿ, ಅಂದರೆ ನಾಲ್ಕು ಘನ ಮೀಟರ್ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ 50 ಕೆಜಿಯ ಎಂಟು ಚೀಲ ಸಿಮೆಂಟ್ ಬೇಕಾಗುತ್ತದೆ. ನಿಮಗೆ 32 ಚೀಲ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) 59 ಘನ ಅಡಿ, ಇಪ್ಪತ್ತು ಎಂಎಂ ಜಲ್ಲಿ 119 ಘನ ಅಡಿ. ಇಂಥ ಸಾಧಾರಣ ಕೋಣೆಯ ಚಾವಣಿಗೆ ಘನ ಮೀಟರಿಗೆ 80 ಕೆಜಿಯಂತೆ ಕಬ್ಬಿಣ ಹಿಡಿಯುವುದು ರೂಢಿ. ಕತ್ತರಿಸುವಾಗ ಹೋಗುವ ತುಂಡುಗಳನ್ನು ಸೇರಿಸಿ 335 ಕೆಜಿ. ತೊಲೆ ಮತ್ತು ಬಾಗಿಲು, ಕಿಟಕಿಗಳ ಮೇಲೆ ಬರುವ ಲಿಂಟಲ್‌ಗಳ ಲೆಕ್ಕ ಬೇರೆ.

ಕಬ್ಬಿಣದ ಅಂಗಡಿಯಲ್ಲಿ ತೂಕವನ್ನು ಸರಿನೋಡಲು ಒಂದು ಹಳೆಯ ಸೂತ್ರವಿದೆ: ಎಂಎಂನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. ಹನ್ನೆರಡು ಮೀಟರಿನ ಹತ್ತು ಎಂಎಂ ಕಂಬಿ ಒಂದು ಸುಮಾರು 7.4 ಕೆಜಿ ತೂಗಬೇಕು.

ಈಗ ಗೋಡೆ. 70 ಅಡಿ ಸುತ್ತಳತೆ, ಹತ್ತು ಅಡಿ ಎತ್ತರ; ಒಂದು ಬಾಗಿಲು, ಎರಡು ಕಿಟಕಿ, ಒಂದು ಗವಾಕ್ಷಿಯನ್ನು ಕಳೆದರೆ ಸುಮಾರು 640 ಚದರ ಅಡಿ. ಹದಿನಾರು ಇಂಚು ಉದ್ದ, ಎಂಟು ಇಂಚು ಎತ್ತರದ ಸಿಮೆಂಟ್ ಬ್ಲಾಕುಗಳು ನೂರು ಚದರ ಅಡಿಗೆ 112ರಿಂದ 113 ಹಿಡಿಯುತ್ತವೆ. ಒಡೆಯುವವುಗಳನ್ನು ಸೇರಿಸಿ 760 ಬ್ಲಾಕು ತರಿಸಿದರೆ ಸಾಕು. ಬಚ್ಚಲಿನ ನಡುಗೋಡೆಗೆ ನಾಲ್ಕು ಇಂಚಿನವು 70. ಪ್ಲಾಸ್ಟರಿಗೆ ಬಂದರೆ ಒಳಗೋಡೆ, ಹೊರಗೋಡೆ, ನಡುಗೋಡೆಯ ಎರಡು ಮೈ, ಚಾವಣಿಯ ಅಡಿಭಾಗ ಎಲ್ಲವೂ ಸೇರಿ 1,640 ಚದರ ಅಡಿಯಾಗುತ್ತದೆ. ನೆಲ 300, ಪ್ಲಾಸ್ಟರ್ 1,640! ಬಣ್ಣ, ಪುಟ್ಟಿ, ಪ್ರೈಮರ್‌ಗಳ ಲೆಕ್ಕವೂ ಬಹುಮಟ್ಟಿಗೆ ಇದೇ ವಿಸ್ತೀರ್ಣದ ಮೇಲೆ ನಡೆಯುತ್ತದೆ.

ಇಲ್ಲಿ ಅಳತೆಯ ಒಂದು ಸಂಗತಿಯನ್ನು ಮೊದಲೇ ತಿಳಿದಿದ್ದರೆ ಕೊನೆಯ ಜಗಳ ತಪ್ಪುತ್ತದೆ. ನಾನು ಬಾಗಿಲು, ಕಿಟಕಿಗಳನ್ನು ಎರಡೂ ಮೈಗಳಿಂದ ಕಳೆದಿದ್ದೇನೆ. ಕಟ್ಟಡ ಕೆಲಸಗಳ ಅಳತೆಗೆ ಇರುವ ಭಾರತೀಯ ಮಾನಕ 1200ರ ಪ್ರಕಾರ ಪ್ಲಾಸ್ಟರಿನಲ್ಲಿ ಅರ್ಧ ಚದರ ಮೀಟರ್ ವರೆಗಿನ ಕಿಂಡಿಗಳನ್ನು ಕಳೆಯುವುದೇ ಇಲ್ಲ. ಅಲ್ಲಿಂದ ಮೂರು ಚದರ ಮೀಟರ್ ವರೆಗಿನವನ್ನು ಒಂದು ಮೈಯಲ್ಲಿ ಮಾತ್ರ ಕಳೆಯುತ್ತಾರೆ, ಏಕೆಂದರೆ ಕಿಟಕಿಯ ಅಂಚು ತಿದ್ದುವ ಕೆಲಸಕ್ಕೆ ಬೇರೆ ಕೂಲಿ ಬರೆಯುವುದಿಲ್ಲ. ಹಾಗೆ ಅಳೆದರೆ ನಿಮ್ಮ ಪ್ಲಾಸ್ಟರ್ 1,700ನ್ನು ದಾಟುತ್ತದೆ. ಮೇಸ್ತ್ರಿಯವರು ಕಿಟಕಿಯನ್ನು ಕಳೆಯಲಿಲ್ಲವೆಂದು ಅವರ ಮೇಲೆ ಹರಿಹಾಯಬೇಡಿ. ಯಾವ ಪದ್ಧತಿಯಲ್ಲಿ ಅಳೆಯುತ್ತಾರೆಂಬುದನ್ನು ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಹಾಗೆಯೇ ಕೂಲಿಗುತ್ತಿಗೆಯಲ್ಲಿ ಚದರಕ್ಕೆ ಇಷ್ಟು ಎಂದಾಗ, ನಮ್ಮ ಕಡೆ ನೂರು ಚದರ ಅಡಿಗೆ ಒಂದು ಚದರ ಎಂಬ ಆ ಲೆಕ್ಕದೊಳಗೆ ಸಜ್ಜಾ (ಕಿಟಕಿಯ ಮೇಲಿನ ಚಾಚು), ಮೆಟ್ಟಿಲು, ಪ್ಯಾರಾಪೆಟ್ (ತಾರಸಿಯ ಅಂಚುಗೋಡೆ) ಬರುತ್ತವೆಯೇ ಎಂದು ಕೇಳಿ. ನಾನು ಮಧ್ಯಸ್ಥಿಕೆಗೆ ಹೋದ ಜಗಳಗಳಲ್ಲಿ ಅರ್ಧದಷ್ಟು ಮೆಟ್ಟಿಲನ್ನು ಚದರಕ್ಕೆ ಸೇರಿಸುವ ವಿಷಯದಲ್ಲೇ ಹುಟ್ಟಿದವು.

ಪ್ರಮಾಣ ಕೈಗೆ ಬಂದ ಮೇಲೆ ದರವನ್ನು ಕೂರಿಸುವುದು ಸುಲಭ. ದಾರಿ ತೋರಿಸುವ ಸಲುವಾಗಿ ಕೆಲವು ದರಗಳನ್ನು ಹಿಡಿಯುತ್ತೇನೆ. ನೀವು ನಿಮ್ಮ ಅಂಗಡಿಯಲ್ಲಿ ಕೇಳಿದ ದರವನ್ನು ಆ ಜಾಗದಲ್ಲಿ ಬರೆದುಕೊಳ್ಳಿ. ಸಿಮೆಂಟ್ ಚೀಲಕ್ಕೆ 370, ಕಬ್ಬಿಣ ಕೆಜಿಗೆ 65, ಎಂ-ಸ್ಯಾಂಡ್ ಘನ ಅಡಿಗೆ 55, ಜಲ್ಲಿ 45, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆ, ಊರುಗೋಲು), ಕಂಬಿ ಕಟ್ಟುವುದು, ಕಾಂಕ್ರೀಟ್ ಸುರಿಯುವುದು ಸೇರಿ ಚದರ ಅಡಿಗೆ 110 ಕೂಲಿ ಎಂದಾದರೆ ಇಡೀ ಮೋಲ್ಡ್ 80 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ಲಾಸ್ಟರಿಗೆ ಸಾಮಾನು, ಕೂಲಿ ಸೇರಿ ಚದರ ಅಡಿಗೆ 55 ಹಿಡಿದರೂ 90 ಸಾವಿರ ದಾಟಿತು. ಮೋಲ್ಡಿನ ದಿನ ನೆಂಟರನ್ನು ಕರೆದು ಸಿಹಿ ಹಂಚುವ ನಾವು ಪ್ಲಾಸ್ಟರಿನ ದಿನ ಕೆಲಸದ ಕಡೆ ತಲೆಯನ್ನೂ ಹಾಕುವುದಿಲ್ಲ, ಆದರೆ ಹಣ ಹೆಚ್ಚು ಹೋಗುವುದು ಅಲ್ಲಿ. ಸಿಮೆಂಟಿನ ವಿಷಯವೂ ಹೀಗೆಯೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಮೂಲಬೆಲೆ ಅಷ್ಟೇ ಇದ್ದರೆ ಕೊಳ್ಳುವ ಬೆಲೆಯಲ್ಲಿ ಸುಮಾರು ಶೇಕಡ 8 ಕಡಿಮೆಯಾಗಬೇಕು. ಇಡೀ ಮೇಲಿನ ಕೋಣೆಗೆ ನೂರಿಪ್ಪತ್ತು ಚೀಲ ಹಿಡಿದರೂ ಚೀಲಕ್ಕೆ ಮೂವತ್ತು ರೂಪಾಯಿಯಂತೆ ಉಳಿಯುವುದು 3,600. ಒಂದು ಕಿಟಕಿಯ ಜಾಗ ಬದಲಿಸಿ ಗೋಡೆ ಒಡೆಸಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಆದರೂ ಆ ತಾರೀಖಿಗಿಂತ ಹಿಂದಿನ ಅಂದಾಜುಪಟ್ಟಿ ಯಾರಾದರೂ ಕೊಟ್ಟರೆ ದರ ತಿದ್ದಿಸಿ.

ಇಷ್ಟೂ ಹೊಸ ಕೆಲಸದ ಲೆಕ್ಕ. ಇದಕ್ಕಿಂತ ಕಷ್ಟದ್ದು ಹಳೆಯದೂ ಹೊಸದೂ ಕೂಡುವ ಜಾಗ. ಎರಡು ಚೀಟಿಗಳೂ ಅಲ್ಲಿ ಮೌನವಾಗಿವೆ.

ನಿಮ್ಮ ನಕ್ಷೆಯಲ್ಲಿ ಮೇಲಿನ ಕೋಣೆಯ ಮೂರು ಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೆ ಇವೆ. ನಾಲ್ಕನೆಯದು, ಹದಿನೈದು ಅಡಿ ಉದ್ದದ್ದು, ಕೆಳಗಿನ ನಡುಮನೆಯ ಚಾವಣಿಯ ಮಧ್ಯಕ್ಕೆ ಬಂದು ಕೂರುತ್ತದೆ. ಆರು ಇಂಚಿನ ಬ್ಲಾಕು ಗೋಡೆ ಹತ್ತು ಅಡಿ ಎತ್ತರಕ್ಕೆ, ಒಂದು ಅಡಿ ಉದ್ದಕ್ಕೆ, ಪ್ಲಾಸ್ಟರ್ ಸೇರಿ 300 ಕೆಜಿಗಿಂತ ಹೆಚ್ಚೇ ತೂಗುತ್ತದೆ. ಹದಿನೈದು ಅಡಿಗೆ ನಾಲ್ಕೂವರೆ ಟನ್. ಅದರ ಮೇಲೆ ಹೊಸ ಚಾವಣಿಯ ಪಾಲು ಬೇರೆ. ಜನ ಓಡಾಡಲು, ಹಪ್ಪಳ ಒಣಗಿಸಲು ಎಂದು 1996ರಲ್ಲಿ ಹಾಕಿದ ತಾರಸಿ ಆ ಭಾರವನ್ನು ನಡುವೆ ಹೊರುವ ಲೆಕ್ಕದಲ್ಲಿ ಕಟ್ಟಿದ್ದಾಗಿರುವುದಿಲ್ಲ. ಇದಕ್ಕೆ ಎರಡು ದಾರಿ: ಆ ಗೋಡೆಯ ಕೆಳಗೆ ಹೊಸ ತೊಲೆ ಕೊಟ್ಟು ಅದರ ತುದಿಗಳನ್ನು ಕೆಳಗಿನ ಗೋಡೆಗಳ ಮೇಲೆ ಕೂರಿಸುವುದು, ಇಲ್ಲವೇ ಕೋಣೆಯನ್ನು ಕುಗ್ಗಿಸಿ ಗೋಡೆಯನ್ನು ಕೆಳಗಿನ ಗೋಡೆಯ ನೇರಕ್ಕೆ ತರುವುದು. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ. ಕೋಣೆಯಲ್ಲಿ ಮೂರಡಿ ಹೋಗುತ್ತದೆ. ಒಂದು ಬೀರು ಇಡುವ ಜಾಗ ಹೋಯಿತು ಎಂದುಕೊಳ್ಳಿ.

ಒಟ್ಟು ಭಾರವನ್ನೂ ನೋಡಿ. ನಾಲ್ಕು ಘನ ಮೀಟರ್ ಚಾವಣಿ ಎಂದರೆ ಹತ್ತು ಟನ್. ಗೋಡೆಗಳು ಹದಿನೆಂಟು ಟನ್. ಪ್ಲಾಸ್ಟರ್, ನೆಲ, ಟ್ಯಾಂಕು ಎಲ್ಲ ಸೇರಿದರೆ ಮೂವತ್ತು ಟನ್ನನ್ನು ಮೀರಿ ಹಳೆಯ ಪಾಯದ ಮೇಲೆ ಇಳಿಯುತ್ತದೆ. ಸೈಜುಗಲ್ಲಿನ ಪಾಯ ಗಟ್ಟಿಯಾದದ್ದೇ, ಆದರೆ ಅದು ಎಷ್ಟು ಅಗಲವಿದೆ, ಎಷ್ಟು ಆಳಕ್ಕೆ ಹೋಗಿದೆ, ಕಲ್ಲುಗಳ ನಡುವೆ ಸಿಮೆಂಟಿದೆಯೋ ಮಣ್ಣಿದೆಯೋ ಎಂಬುದು ಅಗೆದು ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಈ ಭಾರವನ್ನು ಹೊರುವ ಶಕ್ತಿ ಇದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರೆಸಿಕೊಳ್ಳುವುದಕ್ಕೆ ಹೋಗುವ ಶುಲ್ಕವನ್ನು ಅಂದಾಜುಪಟ್ಟಿಯ ಮೊದಲ ಸಾಲಾಗಿ ಬರೆಯಿರಿ. ಉಳಿದ ಸಾಲುಗಳೆಲ್ಲ ಅದರ ಮೇಲೆ ನಿಂತಿವೆ.

ಭಾರದ ಮಾತು ಬಂದುದರಿಂದ ಒಂದು ಸಲಹೆ: ಮೇಲಿನ ಕೋಣೆಗೆ ಮೋಲ್ಡೇ ಆಗಬೇಕೆಂದು ಹಠ ಹಿಡಿಯಬೇಡಿ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಊರಿನಲ್ಲಿ ಮೋಲ್ಡ್ ಹಾಕಿಸಿದವರೂ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಸೋರಿಕೆಗೆ ಸೋತು ಅದರ ಮೇಲೆ ಟ್ರಸ್ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು) ನಿಲ್ಲಿಸಿ ಶೀಟು ಹೊದಿಸುತ್ತಾರೆ. ಅಂದರೆ ಎರಡು ಚಾವಣಿಗೆ ಹಣ ಕೊಡುತ್ತಾರೆ. ಕಡೂರಿನ ಬಯಲಿನಲ್ಲಿ ಮನೆ ಇದ್ದವರಿಗೆ ನಾನು ಈ ಮಾತು ಹೇಳುವುದಿಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರಿಗೆ ಹೇಳುವ ಅಗತ್ಯವೇ ಇಲ್ಲ. ಗೋಡೆಯ ಮೇಲೆ ಕಾಂಕ್ರೀಟಿನ ಒಂದು ಪಟ್ಟಿ ಸುತ್ತಿಸಿ, ಕಬ್ಬಿಣದ ಟ್ರಸ್ಸಿನ ಮೇಲೆ ನೇರವಾಗಿ ಹೆಂಚನ್ನೋ ಶೀಟನ್ನೋ ಹೊದಿಸಿ, ಕೆಳಗೆ ಸೀಲಿಂಗ್ ಕೊಟ್ಟರೆ ಹತ್ತು ಟನ್ನಿನ ಜಾಗದಲ್ಲಿ ಹೆಂಚಾದರೂ ಎರಡು ಟನ್ನಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಸೆಂಟ್ರಿಂಗ್ ಬಿಚ್ಚಲು ಕಾಯುವ ದಿನಗಳೂ ಉಳಿಯುತ್ತವೆ. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಚಾವಣಿಯ ಊರುಗೋಲುಗಳನ್ನು ಏಳು ದಿನಕ್ಕೆ ಮೊದಲು, ಅದಕ್ಕಿಂತ ಉದ್ದದ್ದನ್ನು ಹದಿನಾಲ್ಕು ದಿನಕ್ಕೆ ಮೊದಲು ತೆಗೆಯಬಾರದು. ಟ್ರಸ್ಸಿನ ಚಾವಣಿಯ ತೊಂದರೆಗಳನ್ನೂ ಹೇಳಿಬಿಡುತ್ತೇನೆ: ಶೀಟಾದರೆ ಜೋರುಮಳೆಯಲ್ಲಿ ಕೋಣೆಯೊಳಗೆ ಮಾತು ಕೇಳಿಸುವುದಿಲ್ಲ, ಹೆಂಚಾದರೆ ಮಂಗಗಳು ಬಿಡುವುದಿಲ್ಲ. ಮುಂದೊಂದು ದಿನ ಅದರ ಮೇಲೆ ಇನ್ನೊಂದು ಮಹಡಿ ಎಂಬ ಆಸೆಯನ್ನೂ ಕೈಬಿಡಬೇಕಾಗುತ್ತದೆ. ನಿಮ್ಮ ಪಾಯಕ್ಕೆ ಆ ಆಸೆ ಮೊದಲೇ ಸಲ್ಲದು.

ಬಚ್ಚಲಿನ ಬಗ್ಗೆ ಎಂಜಿನಿಯರ್ ಅವರ ಪಟ್ಟಿಯಲ್ಲೂ ಒಂದು ಸಾಲು ತಪ್ಪಿದೆ. ಹೊಸ ಮನೆಯಲ್ಲಿ ಬಚ್ಚಲಿನ ಭಾಗದ ಚಾವಣಿಯನ್ನು ತಗ್ಗಿಸಿ ಹಾಕಿ ಅದರೊಳಗೆ ಪೈಪುಗಳನ್ನು ಮಲಗಿಸುತ್ತಾರೆ. ಇರುವ ತಾರಸಿಯನ್ನು ಈಗ ತಗ್ಗಿಸಲಾಗದು. ಆದ್ದರಿಂದ ಬಚ್ಚಲಿನ ನೆಲವನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸಬೇಕು, ಇಲ್ಲವೇ ಶೌಚದ ಪೈಪನ್ನು ಗೋಡೆಯಿಂದ ನೇರ ಹೊರಗೆ ತೆಗೆಯಬೇಕು. ಎತ್ತರಿಸಿದರೆ ತುಂಬುವ ಸಾಮಾನು, ಅದರ ಭಾರ, ಅದರ ಕೆಳಗೊಂದು ಮೇಲೊಂದು ನೀರುತಡೆ ಪದರ, ಎಲ್ಲವೂ ಖರ್ಚೇ. ಹೊಸ ಗೋಡೆ ಏಳುವ ಕಡೆಯೆಲ್ಲ ಹಳೆಯ ತಾರಸಿಯ ಮೇಲಿನ ಗಾರೆ ಪದರವನ್ನು ಕೆತ್ತಿ ಕಾಂಕ್ರೀಟಿನವರೆಗೆ ಇಳಿಯಬೇಕು. ಕೆಲಸ ಮುಗಿದ ಮೇಲೆ ಉಳಿದ ತೆರೆದ ತಾರಸಿಗೂ ಹೊಸ ಗೋಡೆಯ ಬುಡಕ್ಕೂ ನಡುವೆ ಮೂಲೆಯನ್ನು ಗುಂಡಾಗಿ ತಿದ್ದಿ ನೀರುತಡೆ ಮಾಡಿಸಬೇಕು. ಇದನ್ನು ಬಿಟ್ಟವರ ನಡುಮನೆಯಲ್ಲಿ ಮೊದಲ ಆಷಾಢದಲ್ಲೇ ಗೋಡೆ ಒದ್ದೆಯಾಗುತ್ತದೆ.

ಅಡುಗೆಮನೆಯ ವಿಸ್ತರಣೆ ಚಿಕ್ಕದಾಗಿ ಕಾಣುತ್ತದೆ, ಆದರೆ ಅಂದಾಜು ಕೈಕೊಡುವುದು ಅಲ್ಲಿಯೇ ಹೆಚ್ಚು. ಎಂಜಿನಿಯರ್ ಅವರ 13.40 ಲಕ್ಷದಲ್ಲಿ ಮೇಲಿನ ಕೋಣೆಯ ಪಾಲು 8.60, ಅಡುಗೆಮನೆಯದು 4.80. ಕೇವಲ 120 ಚದರ ಅಡಿಗೆ 4.80 ಲಕ್ಷವೆಂದರೆ ಚದರ ಅಡಿಗೆ 4,000 ಬಿತ್ತಲ್ಲ ಎಂದು ನಿಮಗೆ ಆಶ್ಚರ್ಯವಾಗಿರಬಹುದು. ಹೊಸ ಪಾಯ, ಕಡಪ ಅಥವಾ ಗ್ರಾನೈಟಿನ ಕಟ್ಟೆ, ಗೋಡೆ ಟೈಲ್ಸ್, ಸಿಂಕು, ನೀರಿನ ಕೊಳವೆ, ಚರಂಡಿ, ಇವೆಲ್ಲ ಆ ಪುಟ್ಟ ಜಾಗದಲ್ಲಿ ತುಂಬಿಕೊಂಡಿವೆ. ದರ ನನಗೆ ಅತಿಯಾಗಿ ಕಾಣುವುದಿಲ್ಲ. ನನಗೆ ಅಳುಕಿರುವುದು ಒಡೆಯಬೇಕಾದ ಹಿಂದಿನ ಗೋಡೆಯ ಬಗ್ಗೆ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಮೂಡಿಗೆರೆ ದಾರಿಯ ಒಂದು ಹಳೆಯ ಮನೆಗೆ ಇಂಥದೇ ಅಡುಗೆಮನೆಯ ಅಂದಾಜು ಹಾಕಿದ್ದೆ. ಗೋಡೆಯ ಮೇಲಿನ ಸಿಮೆಂಟ್ ಗಿಲಾವನ್ನು ನೋಡಿ ಒಳಗೂ ಸಿಮೆಂಟಿನ ಕಟ್ಟಡವೇ ಎಂದು ನಂಬಿದೆ. ಒಂದೇ ಒಂದು ಕಡೆ ಉಳಿಯಿಂದ ಕೆತ್ತಿ ನೋಡುವಷ್ಟು ತಾಳ್ಮೆ ಇರಲಿಲ್ಲ. ಎಂಟಡಿ ಅಗಲದ ಕಂಡಿ ತೆಗೆಯಲು ಹೊರಟಾಗ ಒಳಗೆ ಬರೀ ಮಣ್ಣುಗಾರೆ, ಗುಂಡುಕಲ್ಲು. ಮೇಲಿನ ಸಾಲು ಕುಸಿಯತೊಡಗಿ, ರಾತ್ರಿಯೇ ಊರುಗೋಲು ಕೊಟ್ಟು, ಹೆಂಚು ಹೊರುವ ಮರಗಳಾದ ಪಕಾಸಿ, ರೀಪುಗಳ ಸಮೇತ ಹೆಂಚನ್ನೆಲ್ಲ ಇಳಿಸಿ, ಆ ಬದಿಯನ್ನು ಪೂರ್ತಿ ಹೊಸದಾಗಿ ಕಟ್ಟಬೇಕಾಯಿತು. ಹೆಚ್ಚಾದ ಖರ್ಚಿನಲ್ಲಿ ಒಂದು ಪಾಲನ್ನು ನಾನೇ ಹೊತ್ತೆ. ಅಂದಿನಿಂದ ಹಳೆಯ ಗೋಡೆಗೆ ಉಳಿ ತಾಗಿಸದೆ ನಾನು ಯಾರಿಗೂ ಅಂಕಿ ಕೊಡುವುದಿಲ್ಲ. ನೀವೂ ಹಾಗೆ ಮಾಡಿಸಿ: ಒಡೆಯಬೇಕಾದ ಗೋಡೆಯಲ್ಲಿ ಎರಡು ಕಡೆ, ಅಂಗೈಯಗಲ, ಇಟ್ಟಿಗೆ ಕಾಣುವವರೆಗೆ ಗಿಲಾವು ತೆಗೆಸಿ. ವೈರು, ನೀರಿನ ಪೈಪು ಎಲ್ಲಿ ಹೋಗಿವೆ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ.

ಹಿಂದಕ್ಕೆ ಹತ್ತು ಅಡಿ ಸರಿದರೆ ಹಿಂಬದಿಯಲ್ಲಿ ಬಿಡಬೇಕಾದ ಖಾಲಿ ಜಾಗ ಉಳಿಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 187ನೆಯ ಪ್ರಕರಣದ ಪ್ರಕಾರ ಹೊಸ ಮನೆಗೆ ಮಾತ್ರವಲ್ಲ, ಇರುವ ಕಟ್ಟಡದ ವಿಸ್ತರಣೆಗೂ ಅನುಮತಿ ಬೇಕು. ನಗರಸಭೆಗೆ ನಕ್ಷೆ ಕೊಟ್ಟು ಪರವಾನಗಿ ಪಡೆಯಿರಿ. ಆ ಶುಲ್ಕ, ನಕ್ಷೆ ಮಾಡಿದವರ ಶುಲ್ಕ, ಬಳಿಕ ಏರುವ ಆಸ್ತಿ ತೆರಿಗೆ ಇವೂ ಲೆಕ್ಕದಲ್ಲಿರಲಿ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಸೆಸ್ ಇದೆ. ಸ್ವಂತ ವಾಸದ ಮನೆಯ ಕೆಲಸದ ವೆಚ್ಚ 50 ಲಕ್ಷ ಮೀರದಿದ್ದರೆ ಅದು ಅನ್ವಯಿಸುವುದಿಲ್ಲ (2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷವಿತ್ತು). ಬ್ಯಾಂಕ್ ಸಾಲದ ಯೋಚನೆ ಇದ್ದರೆ ಇ-ಖಾತೆಯನ್ನು ಮೊದಲು ಸರಿಮಾಡಿಸಿಕೊಳ್ಳಿ. ಬಚ್ಚಲಿಗೆ ಗೀಸರ್ ಬರುವುದಾದರೆ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ವಿದ್ಯುತ್ ಬಿಲ್ಲನ್ನು ತೆಗೆದು ನೋಡಿ.

ಕಾಲದ ಲೆಕ್ಕವೂ ಹಣದ ಲೆಕ್ಕವೇ. ನಮ್ಮಲ್ಲಿ ಮಳೆ ಕಳೆದು ಕೆಲಸ ಹಿಡಿಯುವ ಹೊತ್ತಿಗೆ ಸರಿಯಾಗಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಬರುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಕೈಕೆಲಸದ ಆಳುಗಳನ್ನು ತೋಟಗಳು ಎಳೆದುಕೊಳ್ಳುತ್ತವೆ, ಕೂಲಿ ಏರುತ್ತದೆ. ನಡುವೆ ಧನುರ್ಮಾಸದಲ್ಲಿ ಹೊಸ ಕೆಲಸ ಶುರು ಮಾಡಲು ಹಲವರು ಒಪ್ಪುವುದಿಲ್ಲ. ಮೇ ತಿಂಗಳ ಮದುವೆಗೆ ಮೇಲಿನ ಕೋಣೆ ಸಿದ್ಧವಾಗಬೇಕಾದರೆ ದೀಪಾವಳಿಯ ಬೆನ್ನಿಗೇ ಕೆಲಸ ಹಿಡಿದು, ಸಂಕ್ರಾಂತಿಯ ಹೊತ್ತಿಗೆ ಚಾವಣಿ ಮುಗಿದಿರಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಬೆಳೆಗಾರರಿಗೆ ಸಂತೋಷ. ಹೊರಗೋಡೆಗೆ ಪುಟ್ಟಿ ಬಳಿಸಿದವರಿಗೆ ಅಲ್ಲ. ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಗೆ ಮೊದಲು ಹೊರಗಿನ ಬಣ್ಣ ಒಣಗಿರಬೇಕು. ಓಣಿ ಕಿರಿದಾಗಿದ್ದು ಟಿಪ್ಪರ್ ಮನೆಯ ಬಾಗಿಲಿಗೆ ಬರದಿದ್ದರೆ ಜಲ್ಲಿ, ಬ್ಲಾಕುಗಳನ್ನು ಎರಡನೆಯ ಸಲ ಹೊರಿಸುವ ಕೂಲಿ, ಅವನ್ನು ಮೇಲಿನ ಮಹಡಿಗೆ ಏರಿಸುವ ಕೂಲಿ ಬೇರೆ ಬೇರೆ ಸಾಲುಗಳು.

ಹೀಗೆ ಕಾಣದಿರುವುದಕ್ಕೆಂದು ಒಂದಿಷ್ಟು ಹಣ ಎತ್ತಿಡಬೇಕು. ಖಾಲಿ ನಿವೇಶನದ ಹೊಸ ಮನೆಗೆ ನಾನು ಶೇಕಡ 5 ಇಡುತ್ತೇನೆ, ಹಳೆಯ ಮನೆಯ ಕೆಲಸಕ್ಕೆ 15. ಎಂಜಿನಿಯರ್ ಅವರ 13.40ಕ್ಕೆ ಅದನ್ನು ಸೇರಿಸಿದರೆ 15.41 ಲಕ್ಷವಾಗುತ್ತದೆ. ಹತ್ತು ಲಕ್ಷ ಇಟ್ಟುಕೊಂಡು ಎರಡು ಕೆಲಸಗಳನ್ನೂ ಒಟ್ಟಿಗೆ ಹಿಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ, ಮದುವೆಯ ಮನೆಯಲ್ಲಿ ಅಡುಗೆಮನೆಯೂ ಇರುವುದಿಲ್ಲ. ಮೇಲಿನ ಕೋಣೆಯೊಂದನ್ನೇ ಹಿಡಿದರೆ 8.60ರ ಮೇಲೆ ಶೇಕಡ 15 ಸೇರಿ 9.89 ಲಕ್ಷ, ನಿಮ್ಮ ಹಣದೊಳಗೆ ಕೂರುತ್ತದೆ. ಗೋಡೆಯನ್ನು ನೇರಕ್ಕೆ ತಂದು, ಮೋಲ್ಡಿನ ಬದಲು ಟ್ರಸ್ ಆರಿಸಿಕೊಂಡರೆ ಬಚ್ಚಲಿನ ನೆಲ ಎತ್ತರಿಸುವ ಖರ್ಚಿಗೂ ಕೆಲವು ಸಾವಿರ ಉಳಿದೀತು. ಅಡುಗೆಮನೆಯನ್ನು ಮುಂದಿನ ವರ್ಷಕ್ಕೆ ಬಿಡಿ. ಒಂದು ಎಚ್ಚರಿಕೆ ಮಾತ್ರ: ಮೇಲಿನ ಬಚ್ಚಲಿನ ಪೈಪು ನಿಮ್ಮ ನಕ್ಷೆಯಲ್ಲಿ ಈಗಿನ ಅಡುಗೆಮನೆಯ ಹೆಂಚಿನ ಪಕ್ಕದಲ್ಲೇ ಇಳಿಯುತ್ತದೆ. ಮುಂದೆ ಬರಲಿರುವ ಗೋಡೆ ಎಲ್ಲಿ ನಿಲ್ಲುತ್ತದೆಂದು ನೆಲದ ಮೇಲೆ ಈಗಲೇ ಗೆರೆ ಎಳೆದು, ಪೈಪನ್ನೂ ಚೇಂಬರನ್ನೂ ಅದರ ಹೊರಗೆ ಕೂರಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಅವನ್ನು ಅಗೆದು ತೆಗೆಯುವ ಸಾಲೊಂದು ಪಟ್ಟಿಗೆ ಸೇರುತ್ತದೆ.

ಇನ್ನು ಯಾರಿಗೆ ಕೊಡಬೇಕೆಂಬ ನಿಮ್ಮ ಪ್ರಶ್ನೆ. ಎಂಜಿನಿಯರ್ ಅವರ ಪಟ್ಟಿಯಿಂದ ದರದ ಅಂಕಣವನ್ನು ತೆಗೆದು, ಮೇಲೆ ಹೇಳಿದ ಬಿಟ್ಟುಹೋದ ಸಾಲುಗಳನ್ನು ಸೇರಿಸಿ, ಬರೀ ಪ್ರಮಾಣಗಳಿರುವ ಒಂದು ಪ್ರತಿಯನ್ನು ಮೇಸ್ತ್ರಿಯವರಿಗೆ ಕೊಟ್ಟು ಪ್ರತಿ ಸಾಲಿಗೂ ದರ ಬರೆಯಲು ಹೇಳಿ. ಪಟ್ಟಿ ಸಿದ್ಧಪಡಿಸಿದವರ ಶ್ರಮಕ್ಕೆ ಶುಲ್ಕ ಕೊಟ್ಟು, ಅವರಿಗೆ ತಿಳಿಸಿಯೇ ಇದನ್ನು ಮಾಡಿ. ಹಣವನ್ನು ವಾರದ ಲೆಕ್ಕದಲ್ಲಿ ಕೊಡದೆ ಹಂತದ ಲೆಕ್ಕದಲ್ಲಿ ಕೊಡಿ. ಕೊನೆಯ ಹತ್ತನೆಯ ಒಂದು ಪಾಲು ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮಲ್ಲೇ ಇರಲಿ ಎಂದು ಕರಾರಿನಲ್ಲಿ ಸೇರಿಸಲು ಒಪ್ಪುವವರಾದರೆ, ಐವತ್ತು ಸಾವಿರ ಹೆಚ್ಚು ಹೇಳಿದರೂ ನಾನು ಅವರಿಗೇ ಕೊಡುತ್ತೇನೆ.

ಅದಕ್ಕೆಲ್ಲ ಮೊದಲು ಪಾಯವನ್ನು ನೋಡಿಸಿ. ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಮನೆಯ ನೈಋತ್ಯ ಮೂಲೆಯಿಂದ ನಾಲ್ಕಡಿ ಈಚೆಗೆ, ಗೋಡೆಗೆ ತಾಗಿದಂತೆ, ಮೂರಡಿ ಉದ್ದ ಎರಡಡಿ ಅಗಲದ ಗುಂಡಿಯನ್ನು ಪಾಯದ ಕೆಳಗಿನ ಕಲ್ಲು ಕಾಣುವವರೆಗೆ ಅಗೆಸಿ. ಕಲ್ಲಿನ ಸಾಲುಗಳ ಅಗಲ, ಆಳ, ನಡುವಿನ ಗಾರೆ ಇವನ್ನು ಟೇಪು ಹಿಡಿದು ಫೋಟೊ ತೆಗೆದುಕೊಂಡು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದ ದಿನವೇ ಗುಂಡಿಯನ್ನು ಮುಚ್ಚಿಸಿ, ಮಣ್ಣನ್ನು ಪದರ ಪದರವಾಗಿ ದಮ್ಮಸು ಹಾಕಿಸಿ. ತೆರೆದ ಗುಂಡಿಯಲ್ಲಿ ಒಂದು ರಾತ್ರಿಯ ಮಳೆನೀರೂ ನಿಲ್ಲಬಾರದು.